ಮಾಂಸಖಂಡದ ಕೋಶಕ್ಕೆ ‘ನೀನು ಮಾಂಸಖಂಡ ಆಗು’ ಅಂತ ಹೇಳುವುದು ಯಾರು?

ಪಾವಗಡದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ನಮ್ಮ ಮೈಯ ಹೆಚ್ಚೂಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಚರ್ಮದ ಕೋಶದಲ್ಲೂ ಮಾಂಸಖಂಡದ ಜೀನ್‌ಗಳಿವೆ, ಮಾಂಸಖಂಡದ ಕೋಶದಲ್ಲೂ ಕಣ್ಣಿನ ಜೀನ್‌ಗಳಿವೆ. ಆದರೂ ತೊಡೆಯಲ್ಲಿ ಮಾಂಸಖಂಡವೇ ಬೆಳೆಯುತ್ತದೆ. ಯಾಕೆ?

ನೋಟ್ಸ್‌ನಲ್ಲಿ ‘ಜೀನ್ ನಿಯಂತ್ರಣ’ ಅಂತ ಒಂದು ಸಾಲು ಇದೆ. ಅದರ ಕೆಳಗೆ ಮಯೋಡಿ, ಮಿಫ್-5, ಮಯೋಜೆನಿನ್, ಎಂಆರ್‌ಎಫ್-4 ಅಂತ ನಾಲ್ಕು ಹೆಸರು. ಬಾಯಿಪಾಠ ಮಾಡಿದರೆ ಅಂಕ ಬರುತ್ತದೆ. ಆದರೆ ಇದನ್ನು ಕಂಡುಹಿಡಿದದ್ದು ಹೇಗೆ? ಒಂದು ಕೆಲಸಕ್ಕೆ ನಾಲ್ಕು ಯಾಕೆ? ಇವು ಕೋಶದೊಳಗೆ ನಿಜವಾಗಿ ಮಾಡುವುದೇನು? ತಿಳಿದವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಗೂಳೂರು ಮೇಷ್ಟ್ರು:
ಒಳ್ಳೆಯ ಪ್ರಶ್ನೆ ತಾಯಿ. ನಾನು ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಈ ವಿಷಯ ಅಂದರೆ ನನಗೆ ಬಹಳ ಪ್ರೀತಿ, ಹಾಗಾಗಿ ಉತ್ತರ ಉದ್ದ ಆಗುತ್ತದೆ.

ನಮ್ಮ ಕಡೆ ಊರಹಬ್ಬಕ್ಕೆ ಪೌರಾಣಿಕ ನಾಟಕ ಕಲಿಯುತ್ತಾರಲ್ಲ, ಅದನ್ನು ನೆನೆಸಿಕೋ. ತಿಂಗಳುಗಟ್ಟಲೆ ತಾಲೀಮು ಆದಮೇಲೆ ಎಲ್ಲರಿಗೂ ಇಡೀ ನಾಟಕ ಬಾಯಿಗೆ ಬಂದಿರುತ್ತದೆ. ಆದರೂ ಭೀಮನ ಪಾತ್ರದವನು ಭೀಮನ ಮಾತನ್ನೇ ಆಡುತ್ತಾನೆ. ಯಾರು ಯಾವಾಗ ಬಾಯಿ ತೆರೆಯಬೇಕು ಅನ್ನುವುದನ್ನು ಹಾರ್ಮೋನಿಯಂ ಮೇಷ್ಟ್ರು ನಡೆಸುತ್ತಾರೆ. ಕೋಶದಲ್ಲೂ ಹಾಗೆಯೇ. ಮನುಷ್ಯನಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಎಲ್ಲವೂ ಎಲ್ಲ ಕೋಶದಲ್ಲಿ ಇವೆ. ಯಾವುದನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಡೆಸುವ ಪ್ರೋಟೀನ್‌ಗಳು ಬೇರೆ ಇವೆ. ಮಯೋಡಿ ಅಂಥದ್ದೊಂದು.

ಇನ್ನು ಕಂಡುಹಿಡಿದ ಕಥೆ. 1979ರಲ್ಲಿ ಶರ್ಲಿ ಟೇಲರ್ ಮತ್ತು ಪೀಟರ್ ಜೋನ್ಸ್ ಒಂದು ವರದಿ ಬರೆದರು. ಇಲಿಯ ಭ್ರೂಣದಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಸಾಧಾರಣ ಕೋಶಗಳು ಅವರ ಹತ್ತಿರ ಇದ್ದವು. ಇವುಗಳಿಗೆ ಫೈಬ್ರೋಬ್ಲಾಸ್ಟ್ ಅನ್ನುತ್ತಾರೆ. ಅವಕ್ಕೆ ಅಜಾಸೈಟಿಡಿನ್ ಅನ್ನುವ ರಾಸಾಯನಿಕ ಹಾಕಿದರು. ಕೆಲವು ದಿನ ಕಳೆದಮೇಲೆ ನೋಡಿದರೆ ಅದೇ ತಟ್ಟೆಯಲ್ಲಿ ಕೆಲವು ಕೋಶ ಮಾಂಸಖಂಡ ಆಗಿದ್ದವು, ಕೆಲವು ಕೊಬ್ಬಿನ ಕೋಶ ಆಗಿದ್ದವು, ಕೆಲವು ಮೃದು ಎಲುಬಿನ ಕೋಶ ಆಗಿದ್ದವು!

ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಅನ್ನುವ ಸಣ್ಣ ಗುರುತುಗಳು ಅಂಟಿಕೊಂಡಿರುತ್ತವೆ. ಜೀನಿನ ಶುರುವಿನಲ್ಲಿ ಇವು ಜಾಸ್ತಿ ಇದ್ದರೆ ಆ ಜೀನ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ಅಜಾಸೈಟಿಡಿನ್ ಈ ಗುರುತುಗಳನ್ನು ಕಡಿಮೆ ಮಾಡುತ್ತದೆ. ಅಂದರೆ ಅಲ್ಲಿ ಹೊಸ ಜೀನ್ ಯಾವುದೂ ಬರಲಿಲ್ಲ. ಒಳಗೇ ಇದ್ದು ಮುಚ್ಚಿದ್ದು ತೆರೆಯಿತು, ಅಷ್ಟೇ.

ಸಿಯಾಟಲ್‌ನ ಫ್ರೆಡ್ ಹಚಿನ್ಸನ್ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಹೆರಾಲ್ಡ್ ವೈನ್‌ಟ್ರೌಬ್ ಅವರ ತಂಡ ಇದನ್ನು ಮುಂದಕ್ಕೆ ಕೊಂಡೊಯ್ಯಿತು. ಅಷ್ಟೊಂದು ಕೋಶ ಅಷ್ಟು ಸುಲಭವಾಗಿ ಮಾಂಸಖಂಡದ ಕಡೆ ತಿರುಗುತ್ತಿದ್ದರೆ, ನೂರಾರು ಜೀನ್ ಒಟ್ಟಿಗೆ ತೆರೆಯಬೇಕಾದ ಲೆಕ್ಕ ಅದಾಗಿರಲಾರದು. ಒಂದೋ ಎರಡೋ ಸಾಕಿರಬೇಕು. ಹೀಗೆ ಅಂದುಕೊಂಡು ಹುಡುಕಿದರು. 1987ರಲ್ಲಿ ರಾಬರ್ಟ್ ಡೇವಿಸ್, ವೈನ್‌ಟ್ರೌಬ್ ಮತ್ತು ಆಂಡ್ರ್ಯೂ ಲಸ್ಸರ್ ಒಂದೇ ಒಂದು ಜೀನಿನ ಪ್ರತಿಯನ್ನು ಆ ಇಲಿಯ ಕೋಶಗಳಿಗೆ ಸೇರಿಸಿದರು. ಅವು ಮಾಂಸಖಂಡದ ಎಳೆಕೋಶಗಳಾದವು, ಅಂದರೆ ಇನ್ನೂ ಬಲಿಯದ ಮಾಂಸಖಂಡದ ಕೋಶಗಳು. ಆ ಜೀನಿಗೂ ಅದು ಮಾಡುವ ಪ್ರೋಟೀನಿಗೂ ಒಂದೇ ಹೆಸರು, ಮಯೋಡಿ. ಆಮೇಲೆ ಕೊಬ್ಬಿನ ಕೋಶ, ಬಣ್ಣದ ಕೋಶ, ನರದ ಕೋಶಗಳ ತಳಿಗಳಿಗೂ ಹಾಕಿ ನೋಡಿದರು. ಅಲ್ಲೂ ಮಾಂಸಖಂಡದ ಜೀನ್‌ಗಳು ತೆರೆದವು.

ನನಗೆ ಇವತ್ತಿಗೂ ಇದು ಜೀವಶಾಸ್ತ್ರದ ಅತಿ ಚೆಂದದ ಪ್ರಯೋಗಗಳಲ್ಲಿ ಒಂದು. ಒಂದು ಕೋಶದ ಬದುಕಿನ ದಿಕ್ಕನ್ನೇ ಒಂದು ಪ್ರೋಟೀನ್ ತಿರುಗಿಸಬಹುದು ಅಂತ ಅಲ್ಲಿಯವರೆಗೆ ಯಾರೂ ಇಷ್ಟು ನೇರವಾಗಿ ತೋರಿಸಿರಲಿಲ್ಲ. ವೈನ್‌ಟ್ರೌಬ್ 1995ರಲ್ಲಿ, ಇನ್ನೂ ಐವತ್ತು ತುಂಬುವ ಮುಂಚೆಯೇ, ಮೆದುಳಿನ ಗಡ್ಡೆಯಿಂದ ತೀರಿಕೊಂಡರು.

ಪಾವಗಡದ ಹುಡುಗಿ:
ಸರ್, ತುಂಬಾ ಥ್ಯಾಂಕ್ಸ್. ಇದನ್ನು ಓದಿ ರಾತ್ರಿ ನಿದ್ದೆಯೇ ಬರಲಿಲ್ಲ. ಆದರೆ ಈಗ ಅನುಮಾನ ಇನ್ನೂ ಜಾಸ್ತಿ ಆಯಿತು. ಮಯೋಡಿ ಒಂದೇ ಸಾಕು ಅಂದಮೇಲೆ ಉಳಿದ ಮೂರು ಯಾಕೆ? ಮತ್ತೆ ಮಯೋಡಿ ಇದ್ದ ತಕ್ಷಣ ಕೋಶ ಮಾಂಸಖಂಡ ಆಗಿಬಿಡುತ್ತದಾ?

ತಿಪಟೂರಿನ ಲ್ಯಾಬ್ ಹುಡುಗ:
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ನಾನು ತಿಪಟೂರಿನವನು. ಈಗ ಬೆಂಗಳೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ, ದಿನಾ ಇದೇ ಕೋಶಗಳ ಜೊತೆ ಕೆಲಸ. ಸಿ2ಸಿ12 ಅಂತ ಇಲಿಯ ಕೋಶಗಳ ತಳಿ ಇದೆ. 1977ರಲ್ಲಿ ಇಸ್ರೇಲಿನ ಡೇವಿಡ್ ಯಾಫೆ ಮತ್ತು ಓರಾ ಸಾಕ್ಸೆಲ್ ಮಾಡಿದ ತಳಿಯಿಂದ ಬಂದದ್ದು.

ಇವು ಮಯೋಬ್ಲಾಸ್ಟ್‌ಗಳು. ಅಂದರೆ ಮಾಂಸಖಂಡ ಆಗಲು ತೀರ್ಮಾನಿಸಿರುವ, ಆದರೆ ಇನ್ನೂ ಆಗದ ಕೋಶಗಳು. ವಿಶೇಷ ಏನೆಂದರೆ ಇವುಗಳಲ್ಲಿ ಮಯೋಡಿ ಆಗಲೇ ಇರುತ್ತದೆ. ಆದರೂ ಸುಮ್ನೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಇರುತ್ತವೆ. ನಾವು ಅವಕ್ಕೆ ಸೀರಂ, ಅಂದರೆ ರಕ್ತದಿಂದ ತೆಗೆದ ಪೋಷಣೆಯ ದ್ರವ, ಧಾರಾಳವಾಗಿ ಕೊಡುವವರೆಗೂ ಹೀಗೇ. ಸೀರಂ ಕಡಿಮೆ ಮಾಡಿ, ಕುದುರೆಯ ಸೀರಂ ಶೇ. 2ರಷ್ಟು ಮಾತ್ರ ಕೊಟ್ಟರೆ ಆಟ ಬದಲಾಗುತ್ತದೆ. ಒಡೆಯುವುದನ್ನು ನಿಲ್ಲಿಸುತ್ತವೆ. ಉದ್ದವಾಗುತ್ತವೆ. ಸಾಲಾಗಿ ನಿಂತು ಒಂದಕ್ಕೊಂದು ಬೆಸೆದುಕೊಂಡು, ಹಲವು ನ್ಯೂಕ್ಲಿಯಸ್ ಇರುವ ಒಂದೇ ಉದ್ದನೆಯ ಕೊಳವೆ ಆಗುತ್ತವೆ. ಕೆಲವು ಸಲ ಆ ಕೊಳವೆಗಳು ತಟ್ಟೆಯಲ್ಲೇ ಮಿಡಿಯುತ್ತವೆ. ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡುವಾಗ ಆಗುವ ಖುಷಿ ಬೇರೆಯೇ.

ಮಯೋಡಿ ಇದ್ದೂ ಯಾಕೆ ಕಾಯುತ್ತದೆ? ಮಯೋಡಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ‘ಇ-ಪ್ರೋಟೀನ್’ ಅನ್ನುವ ಜೋಡಿ ಬೇಕು. ಎರಡೂ ಸೇರಿ ಡಿಎನ್‌ಎಯ ಮೇಲೆ ಒಂದು ಸಣ್ಣ ಗುರುತನ್ನು ಹಿಡಿಯುತ್ತವೆ. ಡಿಎನ್‌ಎ ಬರೆದಿರುವುದು ಎ, ಸಿ, ಜಿ, ಟಿ ಅನ್ನುವ ನಾಲ್ಕೇ ಅಕ್ಷರಗಳಲ್ಲಿ. ಈ ಗುರುತು ಹೀಗಿದೆ: ಸಿ, ಎ, ಆಮೇಲೆ ಯಾವುದಾದರೂ ಎರಡಕ್ಷರ, ಕೊನೆಗೆ ಟಿ, ಜಿ. ಈ ಆರಕ್ಷರದ ಗುರುತಿಗೆ ಇ-ಬಾಕ್ಸ್ ಅಂತ ಹೆಸರು. ಕೋಶ ಬೆಳೆಯುವ ಹುರುಪಿನಲ್ಲಿ ಇರುವಾಗ ‘ಐಡಿ’ ಅನ್ನುವ ಇನ್ನೊಂದು ಪ್ರೋಟೀನ್ ಜಾಸ್ತಿ ಇರುತ್ತದೆ. ಇದನ್ನು 1990ರಲ್ಲಿ ವೈನ್‌ಟ್ರೌಬ್ ತಂಡವೇ ಕಂಡುಹಿಡಿಯಿತು. ಇದು ಇ-ಪ್ರೋಟೀನನ್ನು ಹಿಡಿದುಕೊಂಡುಬಿಡುತ್ತದೆ. ಇದಕ್ಕೆ ಡಿಎನ್‌ಎಯನ್ನು ಹಿಡಿಯುವ ಭಾಗವೇ ಇಲ್ಲ. ಹೀಗಾಗಿ ಮಯೋಡಿಗೆ ಜೋಡಿ ಸಿಗುವುದಿಲ್ಲ. ಸೀರಂ ಇಳಿದಾಗ ಐಡಿಯೂ ಇಳಿಯುತ್ತದೆ. ಆಗ ಮಯೋಡಿಗೆ ಜೋಡಿ ಸಿಗುತ್ತದೆ, ಕೆಲಸ ಶುರು.

ಶುರು ಆದಮೇಲೆ ಪಿ21 ಅನ್ನುವ ಪ್ರೋಟೀನ್ ಹೆಚ್ಚುತ್ತದೆ. ಅದು ಕೋಶ ಒಡೆಯುವುದನ್ನು ನಿಲ್ಲಿಸುತ್ತದೆ. ಮಯೋಜೆನಿನ್ ತೆರೆಯುತ್ತದೆ. ಮೆಫ್-2 ಅನ್ನುವ ಇನ್ನೊಂದು ನಿಯಂತ್ರಕ ಜೊತೆಗೂಡುತ್ತದೆ. ಆಮೇಲೆ ಆಕ್ಟಿನ್, ಮಯೋಸಿನ್ ಮಾಡುವ ಜೀನ್‌ಗಳು, ಅಂದರೆ ನಿಜಕ್ಕೂ ಎಳೆಯುವ ಕೆಲಸದ ಪ್ರೋಟೀನ್‌ಗಳ ಜೀನ್‌ಗಳು ತೆರೆಯುತ್ತವೆ. ಕೋಶಗಳು ಬೆಸೆದುಕೊಳ್ಳಲು ಮಯೋಮೇಕರ್ ಅನ್ನುವ ಪ್ರೋಟೀನ್ ಬೇಕು. ಅದು ಗೊತ್ತಾಗಿದ್ದು 2013ರಲ್ಲಿ. ಅದರ ಜೊತೆಗಾರ ಮಯೋಮಿಕ್ಸರ್ ಗೊತ್ತಾಗಿದ್ದು 2017ರಲ್ಲಿ.

ಇನ್ನೊಂದು ಮಾತು. ಇ-ಬಾಕ್ಸ್ ಗುರುತಿನಲ್ಲಿ ನಾಲ್ಕಕ್ಷರ ಮಾತ್ರ ಗಟ್ಟಿ. ಹಾಗಾಗಿ ಬರೀ ಆಕಸ್ಮಿಕವಾಗಿಯೇ ಅದು ಸರಾಸರಿ 256 ಅಕ್ಷರಕ್ಕೆ ಒಂದು ಸಲ ಸಿಗುತ್ತದೆ. 300 ಕೋಟಿ ಅಕ್ಷರದ ಡಿಎನ್‌ಎಯಲ್ಲಿ ಒಂದು ಕೋಟಿಗೂ ಹೆಚ್ಚು ಕಡೆ ಬಂತು! ಮಯೋಡಿ ಅದರಲ್ಲಿ ಒಂದು ಸಣ್ಣ ಪಾಲನ್ನು ಮಾತ್ರ ಹಿಡಿಯುತ್ತದೆ. ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿದೆಯಾ ಸಡಿಲವಾಗಿದೆಯಾ, ಪಕ್ಕದಲ್ಲಿ ಬೇರೆ ಯಾವ ಪ್ರೋಟೀನ್ ಕೂತಿದೆ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ. ಮಯೋಡಿಯೇ ಪಿ300 ಅಂಥ ಕಿಣ್ವಗಳನ್ನು ಕರೆತಂದು ಸುತ್ತು ಸಡಿಲಿಸುವುದೂ ಉಂಟು. ಅಕ್ಷರ ಗೊತ್ತಿದ್ದರೆ ಮಾತ್ರ ಸಾಲದು, ಜಾಗ ತೆರೆದಿರಬೇಕು.

ಗೂಳೂರು ಮೇಷ್ಟ್ರು:
ಬಹಳ ಚೆನ್ನಾಗಿ ಹೇಳಿದಿರಿ. ನಾಲ್ಕು ಯಾಕೆ ಅನ್ನುವುದಕ್ಕೆ ನಾನು ಬರೆಯುತ್ತೇನೆ.

ಒಂದು ಜೀನ್ ಏನು ಮಾಡುತ್ತದೆ ಅಂತ ತಿಳಿಯಲು ಅದನ್ನು ತೆಗೆದು ನೋಡುವುದು ಒಂದು ದಾರಿ. 1992ರಲ್ಲಿ ಮೈಕೆಲ್ ರುಡ್ನಿಕಿ ಮತ್ತು ಸಂಗಡಿಗರು ಮಯೋಡಿ ಇಲ್ಲದ ಇಲಿ ಮಾಡಿದರು. ಮಾಂಸಖಂಡವೇ ಇರುವುದಿಲ್ಲ ಅಂತ ಎಲ್ಲರೂ ಕಾದಿದ್ದರು. ಇಲಿ ಆರಾಮವಾಗಿ ಓಡಾಡಿತು! ಅದೇ ವರ್ಷ ಮಿಫ್-5 ಇಲ್ಲದ ಇಲಿಯನ್ನೂ ಮಾಡಿದರು. ಪಕ್ಕೆಲುಬು ಸರಿಯಾಗಿ ಬೆಳೆಯದೆ ಅದು ಉಸಿರಾಡಲಾಗದೆ ಸತ್ತಿತು, ಆದರೆ ಮಾಂಸಖಂಡ ಇತ್ತು. 1993ರಲ್ಲಿ ಎರಡನ್ನೂ ತೆಗೆದರು. ಆಗ ಮೈಯಲ್ಲಿ ಮಾಂಸಖಂಡ ಇರಲಿಲ್ಲ, ಅದರ ಎಳೆಕೋಶ ಕೂಡ ಇರಲಿಲ್ಲ. ಅಂದರೆ ಒಂದು ಇಲ್ಲದಿದ್ದರೆ ಇನ್ನೊಂದು ಹೆಗಲು ಕೊಡುತ್ತದೆ.

ಮಯೋಜೆನಿನ್ ತೆಗೆದಾಗ ಆದದ್ದೇ ಬೇರೆ. ಎಳೆಕೋಶಗಳು ಬೇಕಾದಷ್ಟು ಇದ್ದವು. ಅವು ಬಲಿತು ಬೆಸೆದುಕೊಂಡು ಮಾಂಸಖಂಡ ಆಗಲಿಲ್ಲ. ಮರಿಗಳು ಹುಟ್ಟಿದಾಗಲೇ ಸತ್ತವು. ಇದರಿಂದ ಕೆಲಸದ ಹಂಚಿಕೆ ಗೊತ್ತಾಯಿತು. ಮಯೋಡಿ, ಮಿಫ್-5 ಇವು ‘ನೀನು ಮಾಂಸಖಂಡದವನು’ ಎಂದು ತೀರ್ಮಾನ ಮಾಡುತ್ತವೆ. ಮಯೋಜೆನಿನ್ ಆ ತೀರ್ಮಾನವನ್ನು ಜಾರಿಗೆ ತರುತ್ತದೆ.

ತಿಪಟೂರಿನ ಲ್ಯಾಬ್ ಹುಡುಗ:
ಮೇಷ್ಟ್ರೇ, ಒಂದು ಸಣ್ಣ ಸೇರ್ಪಡೆ. ಮಿಫ್-5 ಮತ್ತು ಎಂಆರ್‌ಎಫ್-4 ಒಂದೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇವೆ. ಮಿಫ್-5 ತೆಗೆದ ಆ ಮೊದಲಿನ ಇಲಿಗಳಲ್ಲಿ ಪಕ್ಕದ ಎಂಆರ್‌ಎಫ್-4 ಕೂಡ ಕೆಟ್ಟಿತ್ತು. 2004ರಲ್ಲಿ ಪ್ಯಾರಿಸ್ಸಿನ ತಂಡ ಎಂಆರ್‌ಎಫ್-4ಕ್ಕೆ ಧಕ್ಕೆ ಆಗದ ಹಾಗೆ ಮತ್ತೆ ಮಾಡಿ ನೋಡಿತು. ಮಯೋಡಿ, ಮಿಫ್-5 ಎರಡೂ ಇಲ್ಲದಿದ್ದರೂ ಭ್ರೂಣದಲ್ಲಿ ಸ್ವಲ್ಪ ಮಾಂಸಖಂಡ ಮೂಡಿತು. ಆದ್ದರಿಂದ ತೀರ್ಮಾನ ಮಾಡುವವರ ಪಟ್ಟಿಗೆ ಎಂಆರ್‌ಎಫ್-4 ಕೂಡ ಸೇರಬೇಕು. ಪರೀಕ್ಷೆಯಲ್ಲಿ ಬರೆದರೆ ಇದನ್ನೂ ಬರಿ ತಂಗಿ. ಜೀನ್ ತೆಗೆಯುವ ಪ್ರಯೋಗದಲ್ಲಿ ನೆರೆಮನೆಯವರಿಗೆ ಏನಾಯಿತು ಅಂತ ನೋಡಲೇಬೇಕು.

ಗೂಳೂರು ಮೇಷ್ಟ್ರು:
ಇದನ್ನು ಸೇರಿಸಿದ್ದು ಒಳ್ಳೆಯದಾಯಿತು.

ಇನ್ನು ಮಯೋಡಿಯನ್ನು ತೆರೆಯುವುದು ಯಾರು? ಅದನ್ನು ತಿಳಿಯಲು ಕೋಳಿಮೊಟ್ಟೆಗೆ ಬರಬೇಕು. ಕಾವಿಗೆ ಇಟ್ಟ ಎರಡನೇ ದಿನ ಭ್ರೂಣದ ಬೆನ್ನಿನ ಎರಡೂ ಬದಿ ಸಣ್ಣ ಸಣ್ಣ ಉಂಡೆಗಳು ಸಾಲಾಗಿ ಮೂಡುತ್ತಿರುತ್ತವೆ. ಇವೇ ಸೋಮೈಟ್. ಕೋಳಿಯಲ್ಲಿ ಸುಮಾರು 90 ನಿಮಿಷಕ್ಕೆ ಒಂದು ಜೋಡಿ ಮೂಡುತ್ತದೆ. ಸೋಮೈಟಿನ ಕೋಶಕ್ಕೆ ಶುರುವಿನಲ್ಲಿ ತಾನು ಏನಾಗಬೇಕು ಅಂತ ಗೊತ್ತಿರುವುದಿಲ್ಲ. ಪಕ್ಕದ ಬೆನ್ನುಹುರಿಯಿಂದ ವಿಂಟ್ ಅನ್ನುವ ಸಂದೇಶ ಬರುತ್ತದೆ. ಕೆಳಗಿನ ನೋಟೋಕಾರ್ಡ್ (ಭ್ರೂಣದ ಬೆನ್ನುದ್ದಕ್ಕೂ ಇರುವ ಕೋಲಿನಂಥ ಭಾಗ) ಕಡೆಯಿಂದ ಸೋನಿಕ್ ಹೆಡ್ಜ್‌ಹಾಗ್ ಅನ್ನುವ ಸಂದೇಶ ಬರುತ್ತದೆ. ಎಲ್ಲಿ ಯಾವುದು ಎಷ್ಟು ತಲುಪಿತು ಅನ್ನುವುದರ ಮೇಲೆ ಒಂದು ಭಾಗ ಎಲುಬಿನ ಕಡೆ, ಒಂದು ಭಾಗ ಚರ್ಮದ ಕಡೆ, ಒಂದು ಭಾಗ ಮಾಂಸಖಂಡದ ಕಡೆ ಹೋಗುತ್ತದೆ. ಮಿಫ್-5, ಮಯೋಡಿ ತೆರೆಯುವುದು ಈ ಸಂದೇಶಗಳಿಂದ.

ಕೈಕಾಲಿನ ಮಾಂಸಖಂಡ ಕೈಕಾಲಿನಲ್ಲೇ ಹುಟ್ಟುತ್ತದೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಇಲ್ಲ. ಬೆನ್ನಿನ ಪಕ್ಕದ ಸೋಮೈಟಿನಿಂದ ಕೋಶಗಳು ಹೊರಟು, ಮೊಳೆಯುತ್ತಿರುವ ಕೈಕಾಲಿಗೆ ನಡೆದುಕೊಂಡು ಹೋಗುತ್ತವೆ. ಕೋಳಿಯ ಭ್ರೂಣಕ್ಕೆ ಕ್ವೇಲ್ ಹಕ್ಕಿಯ ಸೋಮೈಟ್ ಕಸಿ ಮಾಡಿ 1970ರ ದಶಕದಲ್ಲಿ ಇದನ್ನು ತೋರಿಸಿದರು. ಕ್ವೇಲ್ ಕೋಶದ ನ್ಯೂಕ್ಲಿಯಸ್ ನೋಡಲು ಬೇರೆ ಥರ ಇರುತ್ತದೆ. ಹಾಗಾಗಿ ಯಾವ ಕೋಶ ಎಲ್ಲಿಗೆ ಹೋಯಿತು ಅಂತ ಗುರುತಿಸಬಹುದಿತ್ತು. ರೆಕ್ಕೆಯ ಮಾಂಸಖಂಡ ಕ್ವೇಲ್‌ನದು, ಎಲುಬು ಕೋಳಿಯದು! ಈ ಪ್ರಯಾಣಕ್ಕೆ ಪ್ಯಾಕ್ಸ್-3 ಅನ್ನುವ ನಿಯಂತ್ರಕ ಬೇಕು. ಅದು ಕೆಟ್ಟ ಇಲಿಗಳಲ್ಲಿ ಕೈಕಾಲಿನ ಮಾಂಸಖಂಡ ಬೆಳೆಯುವುದಿಲ್ಲ.

ಶಿರಾದ ಕುರಿ ಸಾಕುವವ:
ಎಲ್ಲರಿಗೂ ಶರಣು. ನೀವು ಬರೆದದ್ದು ಎಲ್ಲ ಅರ್ಥ ಆಗಲಿಲ್ಲ, ಆದರೂ ಬಿಡದೆ ಓದಿದೆ. ನಂದು ಎರಡು ಪ್ರಶ್ನೆ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಬಿಳಿ ಹೋರಿಯ ಫೋಟೊ ಬಂದಿತ್ತು. ಮೈಯೆಲ್ಲ ಗಂಟುಗಂಟು ಮಾಂಸ. ಬೆಲ್ಜಿಯಂ ದೇಶದ್ದಂತೆ. ಅದು ನಿಜವಾ?

ಎರಡನೆಯದು, ಸಂತೆಯಲ್ಲಿ ಒಬ್ಬರು ಒಂದು ಪುಡಿ ಮಾರುತ್ತಿದ್ದರು. ಮರಿಗೆ ಕೊಟ್ಟರೆ ಜೀನ್ ತೆರೆದು ಮಾಂಸದ ಕೋಶ ದುಪ್ಪಟ್ಟು ಆಗುತ್ತದೆ ಅಂದರು. ನಮ್ಮ ಪಕ್ಕದ ಊರಿನವರು ತಗೊಂಡು ದುಡ್ಡು ಕಳೆದುಕೊಂಡರು. ಮರಿ ಹಾಗೇ ಇವೆ. ಅಂಥದ್ದು ಏನಾದರೂ ಇದೆಯಾ?

ಗುಬ್ಬಿಯ ಪಶುವೈದ್ಯೆ:
ಅಣ್ಣ, ಹೋರಿ ನಿಜ, ಪುಡಿ ಸುಳ್ಳು.

ಆ ತಳಿಯ ಹೆಸರು ಬೆಲ್ಜಿಯನ್ ಬ್ಲೂ. ಮೈಯಲ್ಲಿ ಮಯೋಸ್ಟಾಟಿನ್ ಅಂತ ಒಂದು ಪ್ರೋಟೀನ್ ಇದೆ. ಅದರ ಕೆಲಸ ‘ಮಾಂಸಖಂಡ ಸಾಕು, ನಿಲ್ಲಿಸು’ ಅನ್ನುವುದು. 1997ರಲ್ಲಿ ಅಮೆರಿಕದಲ್ಲಿ ಅಲೆಕ್ಸಾಂಡ್ರಾ ಮ್ಯಾಕ್‌ಫೆರನ್, ಆನ್ ಲಾಲರ್ ಮತ್ತು ಸೆ-ಜಿನ್ ಲೀ ಆ ಜೀನ್ ತೆಗೆದ ಇಲಿ ಮಾಡಿದರು. ಅದರ ಮಾಂಸಖಂಡ ಎರಡು ಮೂರು ಪಟ್ಟು ಬೆಳೆಯಿತು. ಅದೇ ವರ್ಷ ಬೆಲ್ಜಿಯನ್ ಬ್ಲೂ ದನಗಳಲ್ಲೂ ಅದೇ ಜೀನ್ ಕೆಟ್ಟಿರುವುದು ಗೊತ್ತಾಯಿತು. ಜೀನಿನ ಒಳಗೆ 11 ಅಕ್ಷರ ಬಿದ್ದುಹೋಗಿವೆ, ಅಷ್ಟೇ. ಅವು ಹುಟ್ಟುವಾಗಲೇ ಹೀಗೆ. ಯಾರೂ ತಿನ್ನಿಸಿ ಮಾಡಿದ್ದಲ್ಲ.

ಅದು ನಮಗೆ ಬೇಡ ಅನ್ನುವುದೂ ನನ್ನ ಅಭಿಪ್ರಾಯ. ಕರು ದಪ್ಪ ಇರುವುದರಿಂದ ಹೆರಿಗೆ ಕಷ್ಟ. ಆ ತಳಿಯಲ್ಲಿ ಹೊಟ್ಟೆ ಕೊಯ್ದು ಕರು ತೆಗೆಯುವುದು ಮಾಮೂಲಿ. ಬೇಗ ದಣಿಯುತ್ತವೆ. ಸಿದ್ಧಗಂಗೆ ಜಾತ್ರೆಗೆ ಬರುವ ಹಳ್ಳಿಕಾರ್ ಹೋರಿಗಳನ್ನು ನೋಡಿ. ಅವುಗಳ ಬೆಲೆ ಇರುವುದು ನಡಿಗೆಯಲ್ಲಿ, ಎಳೆಯುವ ತಾಕತ್ತಿನಲ್ಲಿ, ಬಿಸಿಲು ತಡೆಯುವುದರಲ್ಲಿ. ಮಾಂಸದ ರಾಶಿಯಲ್ಲಿ ಅಲ್ಲ.

ಕುರಿಯ ಕಥೆ ಇನ್ನೂ ಸ್ವಾರಸ್ಯ. ಯೂರೋಪಿನಲ್ಲಿ ಟೆಕ್ಸೆಲ್ ಅಂತ ಮಾಂಸಕ್ಕೆ ಹೆಸರಾದ ಕುರಿ ಇದೆ. ಅದರಲ್ಲಿ ಮಯೋಸ್ಟಾಟಿನ್ ಪ್ರೋಟೀನಿನಲ್ಲಿ ಯಾವ ದೋಷವೂ ಇಲ್ಲ. ಜೀನಿನ ಬಾಲದಲ್ಲಿ, ಪ್ರೋಟೀನ್ ಬರೆಯದ ಭಾಗದಲ್ಲಿ, ಒಂದು ಅಕ್ಷರ ಬದಲಾಗಿದೆ. ಜಿ ಇದ್ದ ಕಡೆ ಎ ಬಂದಿದೆ. ಆ ಒಂದಕ್ಷರದಿಂದ ಅಲ್ಲಿ ಮೈಕ್ರೋಆರ್‌ಎನ್‌ಎ ಬಂದು ಕೂರುವ ಜಾಗ ಹುಟ್ಟಿಕೊಂಡಿತು. ಮಾಂಸಖಂಡದಲ್ಲಿ ಜಾಸ್ತಿ ಇರುವ ಮಿರ್-1, ಮಿರ್-206 ಅನ್ನುವ ಸಣ್ಣ ಆರ್‌ಎನ್‌ಎಗಳು ಅಲ್ಲಿ ಕೂತು, ಮಯೋಸ್ಟಾಟಿನ್ ತಯಾರಾಗುವುದನ್ನು ಕಡಿಮೆ ಮಾಡುತ್ತವೆ. 2006ರಲ್ಲಿ ಇದು ಪ್ರಕಟವಾಯಿತು. ಪಾವಗಡದ ತಂಗಿ, ಜೀನ್ ಕೆಡುವುದಕ್ಕೂ ಜೀನಿನ ನಿಯಂತ್ರಣ ಬದಲಾಗುವುದಕ್ಕೂ ಇರುವ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬೆಲ್ಜಿಯನ್ ಬ್ಲೂ ಮೊದಲನೆಯದು, ಟೆಕ್ಸೆಲ್ ಎರಡನೆಯದು. ಎರಡಕ್ಕೂ ಫಲ ಒಂದೇ ದಿಕ್ಕಿನಲ್ಲಿ.

ಈಗ ಪುಡಿ. ಹೊಟ್ಟೆಗೆ ಹಾಕಿದ ಪುಡಿ ಮರಿಯ ಜೀನ್ ತೆರೆದು ಕೋಶ ದುಪ್ಪಟ್ಟು ಮಾಡುವುದಿಲ್ಲ. ಯಾಕೆಂದರೆ ಮಾಂಸಖಂಡದ ಎಳೆಗಳು, ಅಂದರೆ ಕೋಶಗಳು ಬೆಸೆದು ಆದ ಉದ್ದನೆಯ ನೂಲಿನಂಥವು, ಎಷ್ಟು ಇರಬೇಕು ಅನ್ನುವುದು ಮರಿ ಹುಟ್ಟುವ ಮೊದಲೇ ಬಹುಪಾಲು ತೀರ್ಮಾನ ಆಗಿರುತ್ತದೆ. ಹುಟ್ಟಿದ ಮೇಲೆ ಮೇವು, ಹಿಂಡಿ ಕೊಟ್ಟರೆ ಇರುವ ಎಳೆಗಳು ದಪ್ಪ ಆಗುತ್ತವೆ, ಉದ್ದ ಆಗುತ್ತವೆ. ಎಳೆಗಳ ಎಣಿಕೆ ಹೆಚ್ಚುವುದಿಲ್ಲ. ಕೋಳಿಯಲ್ಲೂ ಹೀಗೇ, ಮೊಟ್ಟೆ ಒಡೆದು ಬರುವ ಹೊತ್ತಿಗೆ ಎಣಿಕೆ ಮುಗಿದಿರುತ್ತದೆ.

ಶಿರಾದ ಕುರಿ ಸಾಕುವವ:
ಹಾಗಾದರೆ ಎಳೆ ಜಾಸ್ತಿ ಆಗಬೇಕು ಅಂದರೆ ತಾಯಿಗೆ ತಿನ್ನಿಸಬೇಕು ಅಂತಾಯ್ತು. ನಾವು ಗಬ್ಬದ ಕುರಿಗೆ ಕೊನೆಯ ತಿಂಗಳು ಮಾತ್ರ ಕೈತಿಂಡಿ ಕೊಡುತ್ತೇವೆ ಮೇಡಂ. ಅಷ್ಟು ಸಾಲದಾ?

ಗುಬ್ಬಿಯ ಪಶುವೈದ್ಯೆ:
ಕೊನೆಯ ತಿಂಗಳಿನ ತಿಂಡಿ ಬೇಕೇ ಬೇಕು ಅಣ್ಣ, ಮರಿಯ ತೂಕ ಮತ್ತು ತಾಯಿಯ ಹಾಲು ಅದರ ಮೇಲೆ ನಿಂತಿದೆ. ಅದನ್ನು ಬಿಡಬೇಡಿ. ಆದರೆ ಎಳೆಗಳ ಎಣಿಕೆಯ ಹೊತ್ತು ಅದಕ್ಕೂ ಮುಂಚೆ ಬರುತ್ತದೆ. ಕುರಿಯ ಗಬ್ಬ ಸುಮಾರು 150 ದಿನ. ಎಳೆಗಳು ಎರಡು ಸರದಿಯಲ್ಲಿ ಹುಟ್ಟುತ್ತವೆ. ಮೊದಲ ಸರದಿಯ ಎಳೆಗಳು ಬೇಗ ಮೂಡುತ್ತವೆ. ಆಮೇಲೆ ಅವುಗಳ ಸುತ್ತ ಆನಿಕೊಂಡು ಎರಡನೇ ಸರದಿಯ ಎಳೆಗಳು ಬರುತ್ತವೆ. ಎಣಿಕೆಯಲ್ಲಿ ಇವೇ ಹೆಚ್ಚು. ತಾಯಿಯ ಹೊಟ್ಟೆ ಒಣಗಿದರೆ ಪೆಟ್ಟು ಬೀಳುವುದೂ ಮುಖ್ಯವಾಗಿ ಈ ಎರಡನೇ ಸರದಿಗೆ. ಗಬ್ಬದ ಎರಡನೇ, ಮೂರನೇ ತಿಂಗಳಲ್ಲಿ ಮೇವು ಕಡಿತ ಮಾಡಿದ ಕುರಿಗಳ ಮರಿಗಳಲ್ಲಿ ಎಳೆಗಳ ಸಂಖ್ಯೆ ಕಡಿಮೆ ಆದದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಅಂಥ ಮರಿಗೆ ಆಮೇಲೆ ಎಷ್ಟು ತಿನ್ನಿಸಿದರೂ ಕಳೆದ ಎಣಿಕೆ ವಾಪಸ್ ಬರುವುದಿಲ್ಲ.

ನಮ್ಮ ಶಿರಾ, ಪಾವಗಡ ಕಡೆ ಬೇಸಿಗೆಯಲ್ಲಿ ಹುಲ್ಲೇ ಇರುವುದಿಲ್ಲ. ಟಗರು ಬಿಡುವ ಹೊತ್ತನ್ನು ಲೆಕ್ಕ ಹಾಕಿ, ಗಬ್ಬದ ನಡುವಿನ ತಿಂಗಳುಗಳು ಕಡುಬೇಸಿಗೆಗೆ ಬೀಳದ ಹಾಗೆ ನೋಡಿಕೊಳ್ಳಿ. ಬಿದ್ದೇ ಬಿದ್ದರೆ ಕಡ್ಲೆಕಾಯಿ ಬಳ್ಳಿ, ಹುರುಳಿ ಹೊಟ್ಟು ಕೂಡಿಟ್ಟು ಆ ತಿಂಗಳುಗಳಿಗೆ ಉಳಿಸಿ. ಪುಡಿಗೆ ಹಾಕುವ ದುಡ್ಡನ್ನು ಹಿಂಡಿಗೆ ಹಾಕಿ.

ಶಿರಾದ ಕುರಿ ಸಾಕುವವ:
ಇದು ಯಾರೂ ಹೇಳಿರಲಿಲ್ಲ ಮೇಡಂ. ನಮ್ಮ ಓಣಿಯ ಎಲ್ಲರಿಗೂ ಓದಿ ಹೇಳುತ್ತೇನೆ.

ಮಧುಗಿರಿ ವ್ಯಾಯಾಮ ಶಾಲೆ:
ನಾನು ಹುಡುಗರಿಗೆ ವ್ಯಾಯಾಮ ಹೇಳಿಕೊಡುವವನು. ಎಣಿಕೆ ಹೆಚ್ಚುವುದಿಲ್ಲ ಅನ್ನುವುದು ಮನುಷ್ಯರಿಗೂ ಅನ್ವಯ ಆಗುತ್ತದಾ? ಕಣ್ಣೆದುರೇ ತೋಳು ದಪ್ಪ ಆಗುವುದನ್ನು ನೋಡುತ್ತೇವಲ್ಲ. ಕೈಗೆ ಪ್ಲಾಸ್ಟರ್ ಹಾಕಿದರೆ ಅದೇ ತೋಳು ಸೊರಗುತ್ತದೆ. ಅದಕ್ಕೂ ಜೀನಿಗೂ ಸಂಬಂಧ ಇದೆಯಾ?

ತಿಪಟೂರಿನ ಲ್ಯಾಬ್ ಹುಡುಗ:
ಖಂಡಿತ ಇದೆ. ದಪ್ಪ ಆಗುವುದು ಮುಖ್ಯವಾಗಿ ಇರುವ ಎಳೆಗಳೇ. ಎಳೆಯ ಪೊರೆಗೆ ಅಂಟಿಕೊಂಡು ಸ್ಯಾಟಲೈಟ್ ಕೋಶ ಅಂತ ಇರುತ್ತವೆ. 1961ರಲ್ಲಿ ಅಲೆಕ್ಸಾಂಡರ್ ಮೌರೊ ಅವನ್ನು ಕಪ್ಪೆಯ ಮಾಂಸಖಂಡದಲ್ಲಿ ನೋಡಿದರು. ಪ್ಯಾಕ್ಸ್-7 ಅನ್ನುವ ನಿಯಂತ್ರಕ ಅವನ್ನು ಕಾದಿರುವ ಸ್ಥಿತಿಯಲ್ಲಿ ಇಟ್ಟಿರುತ್ತದೆ. ಪೆಟ್ಟು ಬಿದ್ದಾಗ ಅಥವಾ ಭಾರ ಹೆಚ್ಚಾದಾಗ ಅವು ಎದ್ದು, ಮಯೋಡಿ ತೆರೆದು, ಒಡೆದು, ಹಳೆಯ ಎಳೆಗೆ ಹೋಗಿ ಬೆಸೆದುಕೊಳ್ಳುತ್ತವೆ. ಭ್ರೂಣದಲ್ಲಿ ನಡೆದ ಕಥೆಯೇ ಇಲ್ಲಿ ಮತ್ತೊಮ್ಮೆ ನಡೆಯುತ್ತದೆ.

ಪ್ಲಾಸ್ಟರ್ ಹಾಕಿದಾಗ ಬೇರೆ ಜೀನ್‌ಗಳು ತೆರೆಯುತ್ತವೆ. 2001ರಲ್ಲಿ ಎರಡನ್ನು ಗುರುತಿಸಿದರು, ಅಟ್ರೋಜಿನ್-1 ಮತ್ತು ಮರ್ಫ್-1. ಇವು ಮಾಂಸಖಂಡದ ಪ್ರೋಟೀನ್‌ಗಳಿಗೆ ‘ಇದನ್ನು ಕೆಡವಿ’ ಅನ್ನುವ ಗುರುತು ಹಚ್ಚುತ್ತವೆ. ಇವನ್ನು ತೆರೆಯುವುದು ಫಾಕ್ಸೋ ಅನ್ನುವ ನಿಯಂತ್ರಕ. ಮೈಯಲ್ಲಿ ಇನ್ಸುಲಿನ್ ಥರದ ಬೆಳವಣಿಗೆಯ ಸಂದೇಶ ಚೆನ್ನಾಗಿದ್ದರೆ ಫಾಕ್ಸೋವನ್ನು ನ್ಯೂಕ್ಲಿಯಸ್ಸಿನಿಂದ ಹೊರಗೇ ಇಟ್ಟಿರುತ್ತದೆ.

ಗೂಳೂರು ಮೇಷ್ಟ್ರು:
ವ್ಯಾಯಾಮದ ಮಾತು ಬಂತಲ್ಲ, ಒಂದು ಹಳೆಯ ಪ್ರಯೋಗ ಹೇಳಲೇಬೇಕು. 1960ರಲ್ಲಿ ಬುಲ್ಲರ್, ಜಾನ್ ಎಕಲ್ಸ್ ಮತ್ತು ಅವರ ಮಗಳು ರೋಸಮಂಡ್ ಎಕಲ್ಸ್ ಬೆಕ್ಕಿನಲ್ಲಿ ನರಗಳನ್ನು ಅದಲುಬದಲು ಮಾಡಿದರು. ಬೇಗ ಎಳೆಯುವ ಮಾಂಸಖಂಡದ ನರವನ್ನು ನಿಧಾನ ಎಳೆಯುವುದಕ್ಕೆ ಜೋಡಿಸಿದರು, ನಿಧಾನದ್ದರ ನರವನ್ನು ಬೇಗದ್ದಕ್ಕೆ. ಕಾಲ ಕಳೆದಂತೆ ನಿಧಾನದ್ದು ಬೇಗ ಆಯಿತು, ಬೇಗದ್ದು ನಿಧಾನ ಆಯಿತು. ಆಗ ಜೀನಿನ ಮಟ್ಟದಲ್ಲಿ ಇದು ಯಾಕೆ ಅಂತ ಹೇಳಲು ಆಗುತ್ತಿರಲಿಲ್ಲ. ಈಗ ಆಗುತ್ತದೆ. ನರ ಬಿಡದೆ ಮಿಡಿಯುತ್ತಿದ್ದರೆ ಎಳೆಯೊಳಗೆ ಕ್ಯಾಲ್ಸಿಯಂ ಮಟ್ಟ ಏರಿದ್ದು ಹಾಗೇ ಉಳಿಯುತ್ತದೆ. ಅದರಿಂದ ಕ್ಯಾಲ್ಸಿನ್ಯೂರಿನ್ ಅನ್ನುವ ಕಿಣ್ವ ಎಚ್ಚರ ಆಗುತ್ತದೆ. ಅದು ಎನ್‌ಫ್ಯಾಟ್ ಅನ್ನುವ ನಿಯಂತ್ರಕವನ್ನು ನ್ಯೂಕ್ಲಿಯಸ್ಸಿಗೆ ಕಳಿಸುತ್ತದೆ. ಅಲ್ಲಿ ನಿಧಾನ ಎಳೆಯ ಜೀನ್‌ಗಳು ತೆರೆಯುತ್ತವೆ. ಅಂದರೆ ಮಾಂಸಖಂಡ ಆದಮೇಲೂ ನಿಯಂತ್ರಣ ಮುಗಿಯುವುದಿಲ್ಲ. ಜೀವ ಇರುವವರೆಗೂ ನಡೆಯುತ್ತಲೇ ಇರುತ್ತದೆ.

ಕುಣಿಗಲ್‌ನ ಚಿಕ್ಕಮ್ಮ:
ನಾನು ಇಲ್ಲಿ ಬರೆಯುವುದು ಅಪರೂಪ. ನಮ್ಮ ಅಕ್ಕನ ಮಗನಿಗೆ ಡುಷೇನ್ ಅನ್ನುವ, ಮಾಂಸಖಂಡ ಸೊರಗುವ ಕಾಯಿಲೆ ಅಂತ ಡಾಕ್ಟರ್ ಹೇಳಿದ್ದಾರೆ. ಇನ್ನೂ ಚಿಕ್ಕ ಹುಡುಗ. ನೆಲದಿಂದ ಏಳುವಾಗ ತೊಡೆಗೆ ಕೈ ಊರಿ ಏಳುತ್ತಾನೆ. ಮೀನಖಂಡ ಮಾತ್ರ ದಪ್ಪ ಇದೆ. ನೀವು ಹೇಳಿದ ಮಯೋಡಿ ಕೆಟ್ಟು ಹೀಗಾಗಿದೆಯಾ? ಮಯೋಸ್ಟಾಟಿನ್ ನಿಲ್ಲಿಸುವ ಔಷಧಿ ಅಂತ ಯಾರೋ ಏನೇನೋ ಕಳಿಸುತ್ತಿದ್ದಾರೆ. ಅಕ್ಕ ತುಂಬ ನೊಂದಿದ್ದಾಳೆ.

ಗುಬ್ಬಿಯ ಪಶುವೈದ್ಯೆ:
ಅಮ್ಮಾ, ಓದಿ ಸಂಕಟ ಆಯಿತು. ನಾನು ಮನುಷ್ಯರ ವೈದ್ಯೆ ಅಲ್ಲ. ಮೇಷ್ಟ್ರೇ, ಇದಕ್ಕೆ ನೀವೇ ಹೇಳಿ.

ಗೂಳೂರು ಮೇಷ್ಟ್ರು:
ತಾಯಿ, ಮಗುವಿಗೆ ಮಯೋಡಿ ಕೆಟ್ಟಿಲ್ಲ. ಮಾಂಸಖಂಡ ಕಟ್ಟುವ ಕೆಲಸ ಸರಿಯಾಗಿಯೇ ನಡೆದಿದೆ. ಕೆಟ್ಟಿರುವುದು ಡಿಸ್ಟ್ರೋಫಿನ್ ಅನ್ನುವ ಪ್ರೋಟೀನಿನ ಜೀನ್. ಇದು ಎಳೆಯ ಪೊರೆಯನ್ನು ಗಟ್ಟಿ ಹಿಡಿದಿರುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಎಳೆದಾಗಲೂ ಪೊರೆ ಹರಿಯುತ್ತದೆ. ಸ್ಯಾಟಲೈಟ್ ಕೋಶಗಳು ಎದ್ದು ರಿಪೇರಿ ಮಾಡುತ್ತವೆ, ಮತ್ತೆ ಹರಿಯುತ್ತದೆ. ಕೊನೆಗೆ ಆ ಜಾಗಕ್ಕೆ ಕೊಬ್ಬು ಮತ್ತು ನಾರು ತುಂಬುತ್ತದೆ. ಮೀನಖಂಡ ದಪ್ಪ ಕಾಣುವುದಕ್ಕೆ ಇದೂ ಕಾರಣ.

ಈ ಪ್ರೋಟೀನನ್ನು 1987ರಲ್ಲಿ ಲೂಯಿಸ್ ಕುಂಕೆಲ್ ತಂಡ ಗುರುತಿಸಿತು. ಮನುಷ್ಯನ ಜೀನ್‌ಗಳಲ್ಲೇ ಇದು ಅತಿ ಉದ್ದವಾದವುಗಳಲ್ಲಿ ಒಂದು, 20 ಲಕ್ಷ ಅಕ್ಷರಕ್ಕೂ ಹೆಚ್ಚು. ಒಂದು ಸಲ ಪೂರ್ತಿ ಓದಲು ಕೋಶಕ್ಕೆ ಸುಮಾರು 16 ಗಂಟೆ ಬೇಕು. ಇಷ್ಟು ಉದ್ದ ಇರುವುದರಿಂದ ಎಲ್ಲಾದರೂ ತಪ್ಪು ಆಗುವ ಸಂಭವವೂ ಹೆಚ್ಚು. ಎಷ್ಟೋ ಮಕ್ಕಳಲ್ಲಿ ತಪ್ಪು ಹೊಸದಾಗಿಯೇ ಹುಟ್ಟಿರುತ್ತದೆ, ತಾಯಿಯಿಂದ ಬಂದಿರುವುದೇ ಇಲ್ಲ. ಬಂದಿದ್ದರೂ ಅದು ಯಾರ ತಪ್ಪೂ ಅಲ್ಲ. ಇದನ್ನು ನಿಮ್ಮ ಅಕ್ಕನಿಗೆ ದಯವಿಟ್ಟು ಹೇಳಿ.

ಈ ಜೀನನ್ನು ಓದಲು ಹಲವು ಶುರು ಜಾಗಗಳಿವೆ. ಮಾಂಸಖಂಡದಲ್ಲಿ ಒಂದು ಕಡೆಯಿಂದ, ಮೆದುಳಿನಲ್ಲಿ ಇನ್ನೊಂದು ಕಡೆಯಿಂದ, ಕಣ್ಣಿನ ಪರದೆಯಲ್ಲಿ ಮತ್ತೊಂದು ಕಡೆಯಿಂದ ಓದುತ್ತಾರೆ. ಅದಕ್ಕೇ ಕೆಲವು ಮಕ್ಕಳಿಗೆ ಕಲಿಕೆಯಲ್ಲೂ ಸ್ವಲ್ಪ ತೊಂದರೆ ಇರುತ್ತದೆ. ಶಾಲೆಯವರಿಗೆ ಮೊದಲೇ ಹೇಳಿಟ್ಟರೆ ಮಗುವಿಗೆ ಅನುಕೂಲ.

ಔಷಧಿಯ ವಿಷಯ. ಯಾರೋ ಕಳಿಸಿದ್ದನ್ನು ಕೊಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರ ಮತ್ತು ಮಾಂಸಖಂಡದ ಕಾಯಿಲೆ ನೋಡುವ ತಜ್ಞರಿದ್ದಾರೆ. ಜೀನ್ ಪರೀಕ್ಷೆ ಮಾಡಿಸಿ. ಯಾವ ಭಾಗ ಬಿಟ್ಟುಹೋಗಿದೆ ಅನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ. ಸ್ಟೀರಾಯ್ಡ್ ಕಾಯಿಲೆಯ ಓಟವನ್ನು ನಿಧಾನ ಮಾಡುತ್ತದೆ, ಆದರೆ ಅವರ ಲೆಕ್ಕದಲ್ಲೇ ಕೊಡಬೇಕು. ಹೃದಯವನ್ನೂ ಆಗಾಗ ತೋರಿಸುತ್ತಿರಬೇಕು. ಅಕ್ಕನಿಗೂ, ನಿಮಗೂ ವಾಹಕ ಪರೀಕ್ಷೆ (ಕೆಟ್ಟ ಜೀನ್ ನಿಮ್ಮಲ್ಲಿ ಅಡಗಿದೆಯಾ ಅಂತ ನೋಡುವುದು) ಬೇಕಾ ಅಂತ ಕೇಳಿ.

ಕುಣಿಗಲ್‌ನ ಚಿಕ್ಕಮ್ಮ:
ಮೇಷ್ಟ್ರೇ, ಇಷ್ಟು ಸಮಾಧಾನವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ. ಅಕ್ಕನಿಗೆ ತೋರಿಸಿದೆ. ಬರುವ ವಾರ ಬೆಂಗಳೂರಿಗೆ ಹೋಗುತ್ತೇವೆ.

ಪಾವಗಡದ ಹುಡುಗಿ:
ಚಿಕ್ಕಮ್ಮ, ಮಗು ಚೆನ್ನಾಗಿರಲಿ.

ಮೇಷ್ಟ್ರೇ, ಹೃದಯ ಅಂದಿರಲ್ಲ, ಹೃದಯವೂ ಮಾಂಸಖಂಡ ತಾನೇ? ಅದನ್ನೂ ಮಯೋಡಿಯೇ ನಡೆಸುತ್ತದಾ?

ಗೂಳೂರು ಮೇಷ್ಟ್ರು:
ಇಲ್ಲ ತಾಯಿ. ಹೃದಯದಲ್ಲಿ ಮಯೋಡಿ ಕುಟುಂಬದ ನಾಲ್ಕರಲ್ಲಿ ಒಂದೂ ಕೆಲಸ ಮಾಡುವುದಿಲ್ಲ. ಅಲ್ಲಿ ಗಾಟಾ-4, ಎನ್‌ಕೆಎಕ್ಸ್2-5, ಟಿಬಿಎಕ್ಸ್-5, ಮೆಫ್-2 ಇವೆಲ್ಲ ಸೇರಿ ನಡೆಸುತ್ತವೆ. ಆಕ್ಟಿನ್, ಮಯೋಸಿನ್ ಎರಡೂ ಕಡೆ ಇವೆ, ಅವನ್ನು ತೆರೆಸುವವರು ಬೇರೆ. ಹೃದಯಕ್ಕೆ ಸ್ಯಾಟಲೈಟ್ ಕೋಶಗಳೂ ಇಲ್ಲ. ಅದಕ್ಕೇ ಹಾರ್ಟ್ ಅಟ್ಯಾಕ್ ಆದ ಜಾಗದಲ್ಲಿ ಹೊಸ ಮಾಂಸಖಂಡ ಬಾರದೆ ಗಾಯದ ಕಲೆ ಉಳಿಯುತ್ತದೆ.

ಮಯೋಡಿಯ ಹಾಗೆ ಹೃದಯಕ್ಕೂ ಒಂದೇ ಜೀನ್ ಇರಬಹುದಾ ಅಂತ ಬಹಳ ಜನ ಹುಡುಕಿದರು. ಸಿಗಲಿಲ್ಲ. 2010ರಲ್ಲಿ ದೀಪಕ್ ಶ್ರೀವಾಸ್ತವ ಅವರ ತಂಡ ಗಾಟಾ-4, ಮೆಫ್-2ಸಿ, ಟಿಬಿಎಕ್ಸ್-5 ಮೂರನ್ನೂ ಒಟ್ಟಿಗೆ ಇಲಿಯ ಫೈಬ್ರೋಬ್ಲಾಸ್ಟ್‌ಗೆ ಹಾಕಿತು. ಆಗ ಕೆಲವು ಕೋಶ ಹೃದಯದ ಕೋಶದ ಹಾಗೆ ಆದವು. ಪೂರ್ತಿ ಬಲಿತು ಮಿಡಿದವು ಕಡಿಮೆಯೇ. ಆ ಪ್ರಮಾಣವನ್ನು ಹೆಚ್ಚಿಸುವ ಕೆಲಸ ಇನ್ನೂ ನಡೆಯುತ್ತಿದೆ. ಸೆಮಿನಾರಿಗೆ ವಿಷಯ ಬೇಕಾದರೆ 1987ರ ಪ್ರಯೋಗವನ್ನೂ 2010ರದನ್ನೂ ಪಕ್ಕಪಕ್ಕ ಇಟ್ಟು ಬರಿ. ಬರೆದಮೇಲೆ ಇಲ್ಲಿ ಹಾಕು. ನಾನೂ ತಿಪಟೂರಿನ ಹುಡುಗನೂ ಓದಿ ನೋಡುತ್ತೇವೆ.